ಖಾಲಿ ಬಿಟ್ಟ ಚಿತ್ರ

ಶಿರೂರು
೧೨ ಆಗಸ್ಟ್ ೧೯೮೪

ಪ್ರೀತಿಯ ಶಿವಬಸವ್ವಾ,

ನಿನ್ನ ಪ್ರಬಂಧ ಕೈಸೇರಿ ತಿಂಗಳಾಯಿತು. ಮುಟ್ಟಿತೆಂದು ಒಂದು ಕಾರ್ಡನ್ನಾದರೂ ಹಾಕಬೇಕಿತ್ತು, ತಪ್ಪಾಯಿತು. ಪೂರ್ತಿ ಓದದೆ ಬರೆಯಲು ಮನಸ್ಸಾಗಲಿಲ್ಲ. ಅಷ್ಟು ದಪ್ಪ ಬರೆದವಳು ನೀನು, ಬೈಯುವುದಾದರೆ ನಿನ್ನನ್ನೇ ಬೈದುಕೋ. ಅವ್ವ ಆರಾಮ ಇದ್ದಾಳೆ. ನಾನು ಸಾಲೆಯ ಮಕ್ಕಳಿಗೆ ಓಟ ಕಲಿಸುತ್ತ ಇದ್ದೇನೆ.

ಸಾಲೆಯಲ್ಲಿ ನನ್ನ ಲೆಕ್ಕ ನೋಡಿ ಬರೆಯುತ್ತಿದ್ದ ಹುಡುಗಿ ಎಂಥ ವಿಷಯಕ್ಕೆ ಕೈ ಹಾಕಿದೆಯೇ! ದೇಶದೇಶಗಳ ಆಟದಲ್ಲಿ ಸೋತವರನ್ನು ಪತ್ರಿಕೆಗಳು ಹೇಗೆ ತೋರಿಸುತ್ತವೆ, ಅದು ನ್ಯಾಯವೇ ಎಂದು ಇಷ್ಟು ನೆಟ್ಟಗೆ ಕೇಳಿದವರನ್ನು ನಾನು ಕಂಡಿಲ್ಲ. ನಿನ್ನ ಮೇಲೆ ಭಾಳ ಅಭಿಮಾನ ನನಗೆ.

ನಾಲ್ಕನೆಯ ಅಧ್ಯಾಯವನ್ನು ಎರಡು ಸಲ ಓದಿದೆ. ದಿಲ್ಲಿಯ ಅಂತರರಾಷ್ಟ್ರೀಯ ಓಟದಲ್ಲಿ ನಾನು ಬಿದ್ದದ್ದು, ಅಪ್ಪ ಬೇಲಿ ದಾಟಿ ಬಂದು ತನ್ನ ಕಂಬಳಿ ಹೊದಿಸಿದ್ದು, ಮರುದಿನ ಅಲ್ಲಿಯ ಪತ್ರಿಕೆ ಆ ಚಿತ್ರ ಹಾಕಿ ‘ಇವಳಿಗೆ ಕುರಿಗಳ ಹಿಂದೆ ಓಡುವುದೇ ಲೇಸು’ ಎಂದು ಬರೆದದ್ದು, ಎಲ್ಲ ಇದೆ. ಯಾರೋ ಅದನ್ನು ಅಪ್ಪನಿಗೆ ಬಿಡಿಸಿ ಹೇಳಿದ್ದರು. ರೈಲಿನಲ್ಲಿ ನನ್ನನ್ನು ಕೇಳಿದ: “ನಮ್ಮ ಕಂಬಳಿ ನೋಡಿ ಯಾಕ ನಗ್ತಾರವ್ವಾ?”

ಅದಕ್ಕೆ ಉತ್ತರ ಈಗ ನಿನ್ನ ಪ್ರಬಂಧದಲ್ಲಿ ಸಿಕ್ಕಿತು. ನೀನು ಬರೆದಿದ್ದೀಯ: ಕುರಿಗಾರರ ದೇವರಾದ ಬೀರಪ್ಪನಿಗೆ ಗದ್ದುಗೆಯಾಗಿ ಹಾಸುವ ಕಂಬಳಿ ಅದು, ಕ್ಯಾಮೆರಾ ಹಿಡಿದವನಿಗೆ ಬಡತನವಾಗಿಯಷ್ಟೇ ಕಂಡಿತು ಎಂದು. ಚಿತ್ರವನ್ನು ಮಾತ್ರ ನೀನು ಹಾಕಲಿಲ್ಲ. ಒಮ್ಮೆ ಅವಮಾನಗೊಂಡವರನ್ನು ಅಧ್ಯಯನದ ಹೆಸರಿನಲ್ಲಿ ಮತ್ತೆ ತೋರಿಸಲಾರೆ ಎಂದು ಆ ಜಾಗ ಖಾಲಿ ಬಿಟ್ಟೆ. ಓದಿ ನಾನು ಅತ್ತುಬಿಟ್ಟೆ ಕಣೇ. ಅವ್ವನಿಗೂ ಓದಿ ಹೇಳಿದೆ.

“ಆಕಿ ನಮ್ಮ ಮಾನ ಕಾದ್ಲು” ಎಂದಳು. ಆಮೇಲೆ ಆ ಖಾಲಿ ಜಾಗವನ್ನು ಕೈಯಿಂದ ಸವರಿದಳು.

ನೀನು ಇನ್ನೂ ಬರೆಯಬೇಕು, ದೊಡ್ಡವರ ಮುಂದೆ ಹೀಗೆಯೇ ಕೇಳಬೇಕು. ಹೊತ್ತಿಗೆ ಸರಿಯಾಗಿ ಉಣ್ಣು. ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ
ಬೋರವ್ವ

ತಾ.ಕ.: ಅಪ್ಪ ತೀರಿಕೊಂಡ ಮೇಲೆ ಮನೆಯೆಲ್ಲ ಹುಡುಕಿದೆವು, ಅವನ ಒಂದು ಫೋಟೊ ಕೂಡ ಇಲ್ಲ. ಅಪ್ಪ ದಿಲ್ಲಿಯಿಂದ ತಂದಿದ್ದ ಆ ಪತ್ರಿಕೆ ಮತ್ತೆ ನನ್ನ ಕಣ್ಣಿಗೆ ಬೀಳಬಾರದೆಂದು ಅವ್ವ ನಾವು ಊರು ಮುಟ್ಟಿದ ದಿನವೇ ಒಲೆಗೆ ಹಾಕಿದ್ದಳು. ನಿನ್ನ ಪ್ರಬಂಧದಲ್ಲಾದರೂ ಅವನ ಮುಖ ಸಿಕ್ಕೀತೆಂದು ಕಾದಿದ್ದಳು. ನೀನು ನೋಡಿದ ಪ್ರತಿಯಿಂದ ಆ ಚಿತ್ರದ ನಕಲು ತೆಗೆಸಿ ಕಳಿಸುವೆಯಾ? ಅದರಲ್ಲಿ ನಾನು ಅಳುತ್ತಿದ್ದರೆ ಇರಲಿ. ಕೆಳಗಿನ ಬರಹ ಕತ್ತರಿಸಿಬಿಡು. ಕಂಬಳಿ ಪೂರ್ತಿ ಇರಲಿ.