ಮೂರನೆಯ ಚೀಟಿ

ಬಾಗಲೂರು, 14 ಜೂನ್ 2025, ಶನಿವಾರ

ರಮಾದೇವಕ್ಕನ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ.

ಪಕ್ಕದ ಮನೆಯವರು. ಸೋಮವಾರ ಕೃಷ್ಣಗಿರಿಯಲ್ಲಿ ಅವರಿಗೆ ಕಣ್ಣಿನ ಆಪರೇಷನ್. ಜೊತೆಗೆ ಬಂದು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇರುತ್ತೀಯಾ ಎಂದು ನಿನ್ನೆ ಕೇಳಿದ್ದರು. ಫ್ಯಾಕ್ಟರಿಗೆ ರಜೆ ಹಾಕಲು ನನಗೆ ಮನಸ್ಸಿರಲಿಲ್ಲ. ಇಲ್ಲ ಎನ್ನಲು ಬಾಯಿ ಬರದೆ, ಪ್ರಾರ್ಥನೆ ಮಾಡಿ ಹೇಳುತ್ತೇನೆ ಎಂದೆ.

ಬೆಳಿಗ್ಗೆ, ದಿನಕ್ಕೊಂದು ಚೀಟಿ ತೆಗೆಯುವ ಬೈಬಲ್ ವಾಕ್ಯದ ಡಬ್ಬಿಗೆ ಕೈ ಹಾಕಿದೆ. ನೆರೆಯವರನ್ನು ಪ್ರೀತಿಸುವ ವಾಕ್ಯ ಬಂತು. ಒಳಗೆ ಹಾಕಿ ಡಬ್ಬಿ ಕುಲುಕಿದೆ. ಎರಡನೆಯದು ರೋಗಿಗಳನ್ನು ನೋಡಿಕೊಳ್ಳುವುದರ ಬಗ್ಗೆ. ಅದನ್ನೂ ಒಳಗೆ ಹಾಕಿದೆ. ಮೂರನೆಯದರಲ್ಲಿ, ಸುಮ್ಮನಿದ್ದು ಕಾಯಬೇಕು ಎಂದಿತ್ತು. ಅದನ್ನು ಮಾತ್ರ ಕಣ್ಣಿಗೊತ್ತಿಕೊಂಡೆ, ನಾಚಿಕೆಗೆಟ್ಟವಳು.

"ದೇವ್ರು ಅಪ್ಪಣೆ ಕೊಡ್ಲಿಲ್ಲ ಅಕ್ಕ," ಎಂದು ಹೋಗಿ ಹೇಳಿಬಂದೆ.

ಅವರು ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಬುಡು ಸುಗುಣ, ನಿಮ್ಮ ದೇವ್ರೇ ಬ್ಯಾಡ ಅಂದ್ಮೇಲೆ ನೀನೇನ್ ಮಾಡ್ತೀಯ. ಒಬ್ಳೇ ಹೋಗ್ಬತ್ತೀನಿ. ನಿನ್ ತಾವ ಮಾತಾಡ್ತಾನಲ್ಲ, ನನ್ ಕಣ್ಣು ಬತ್ತದಾ ಅಂತ ಒಂದ್ಮಾತು ಕೇಳಮ್ಮ," ಎಂದರು. ಕೈ ಬೇರೆ ಹಿಡಿದುಕೊಂಡರು.

ಈಗ ಕೇಳೋಣವೆಂದು ಮೊಣಕಾಲೂರಿದೆ. ಕೇಳದೆಯೇ ಎದ್ದುಬಿಟ್ಟೆ. ದೇವರು ಎರಡು ಸಲ ಹೇಳಿದ್ದನ್ನು ಡಬ್ಬಿಗೆ ಹಾಕಿ ಮುಚ್ಚಿದವಳು ಇನ್ನೊಂದು ಮಾತು ಕೇಳುವುದು ಹೇಗೆ? ನಾಳೆ ಚರ್ಚಿಗೆ ಹೊರಟಾಗ ಅವರು ಬಾಗಿಲಲ್ಲೇ ನಿಂತು, ಕೇಳಿದ್ಯಾ ಸುಗುಣ, ಏನಂದ ಎಂದರೆ ಯಾವ ಚೀಟಿ ತೋರಿಸಲಿ?