ನೀವು ಹೇಳದ ಮಾತು ಪೇಪರಿನಲ್ಲಿ ಬಂದಿದೆ

ಪ್ರೀತಿಯ ಅತ್ತೆ,

ಎಲ್ಲಿದ್ದೀರೋ, ಅಲ್ಲಿ ಎಲೆ ಅಡಿಕೆ ಸಿಗುತ್ತದೋ ಇಲ್ಲವೋ. ಇಲ್ಲಿ ನಿಮ್ಮ ಸೊಸೆಗೆ ದಿಕ್ಕು ತೋಚದಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲ ಪತ್ರಿಕಾ ಪ್ರಕಟಣೆ ಬರೆದ ದಿನ ನೆನಪಿದೆಯಾ? ನೀವು ಜಗಲಿಯಲ್ಲಿ ಕುಳಿತು, ಮದುವೆಯಲ್ಲಿ ಗಂಡಿನ ಕಡೆಗೆ ತಟ್ಟೆಯಲ್ಲಿಟ್ಟು ಕೊಡುವ ಕೊಬ್ಬರಿ ಕೆತ್ತುತ್ತಿದ್ದಿರಿ. ಒಣಕೊಬ್ಬರಿ ಗಿಟುಕಿನ ಕಂದು ಸಿಪ್ಪೆ ಕೆರೆದು ಬಿಳಿಯಲ್ಲಿ ಗಿಳಿ ಬಿಡಿಸುತ್ತಿದ್ದಿರಿ. ನಿಮ್ಮ ಮಗ ತೀರಿಹೋದ ಮೇಲೆ ನಮ್ಮಿಬ್ಬರ ಹೊಟ್ಟೆಗೆ ಆ ಕೊಬ್ಬರಿಯೇ ಗತಿ. ಅದನ್ನು ಆನ್‌ಲೈನಿನಲ್ಲಿ ಮಾರುತ್ತೇನೆಂದು ಅಂಗಡಿ ತೆರೆದವಳು ನಾನು. ತೆರೆದರಾಯಿತೇ? ಅರಸೀಕೆರೆ ಆಚೆ ನಮ್ಮನ್ನು ಯಾರು ಬಲ್ಲರು? ಪೇಪರಿನವರಿಗೆ ಬರೆದು ಕಳಿಸು ಎಂದರು ಯಾರೋ. ಅದರಲ್ಲಿ ಹಿರಿಯರದೊಂದು ಹೇಳಿಕೆ ಇರಬೇಕಂತೆ. ನಾನೇ ಒಂದು ಹೊಸೆದು ನಿಮಗೆ ಓದಿದೆ: "'ಪರಂಪರೆಯನ್ನು ಮನೆಮನೆಗೆ ತಲುಪಿಸುವುದೇ ನನ್ನ ಜೀವನದ ಧ್ಯೇಯ' ಎಂದು ಸಂಸ್ಥಾಪಕಿ ಶಾಂತಮ್ಮ ತಿಳಿಸಿದ್ದಾರೆ."

"ನಾನ್ಯಾವಾಗ ಅಂಗಂದ್ನೇ?"

"ಅಂದಿಲ್ಲ ಅತ್ತೆ. ಪೇಪರ್‌ನೋರಿಗೆ ಹಂಗೇ ಬೇಕು."

"ಧ್ಯೇಯ ಅಂತೆ ಧ್ಯೇಯ! ಗಂಡಿನ ಕಡೆಯೋರು ಒಂದ್ ಗಳಿಗೆ ಬಾಯ್ ಮುಚ್ಕೊಂಡು ನೋಡ್ಲಿ ಅಂತ ಕೆತ್ತೋದು ಕಣೇ. ಅದ್ನೇ ಬರಿ."

ನಾನು ನಕ್ಕೆ, ಅದನ್ನು ಬರೆಯಲಿಲ್ಲ. ನನ್ನ ಸಾಲನ್ನೇ ಕಳಿಸಿದೆ.

ಆಮೇಲೆ ಹಬ್ಬ ಹಬ್ಬಕ್ಕೂ ಕಳಿಸಿದೆ. ವರದಿಗಾರನ ಮನೆ ಬಾಗಿಲಿಗೂ ಹೋಗಿ ನಿಂತೆ. "ಇದು ಸುದ್ದಿ ಅಲ್ಲಮ್ಮ, ಜಾಹೀರಾತು ಕೊಡಿ" ಅಂದ. ಒಂದು ಸಾಲೂ ಬರಲಿಲ್ಲ. ಆರ್ಡರಿಲ್ಲದೆ ಕುಳಿತ ವಾರಗಳಲ್ಲಿ ನೀವು ಕೆತ್ತಿದ್ದನ್ನೇ ತುರಿದು ಸಾರಿಗೆ ಹಾಕಿದ್ದು... ಬೇಡ ಬಿಡಿ.

ನೀವು ತೀರಿಕೊಂಡ ಮೇಲೆ, ಶಿವಗಣಾರಾಧನೆಯ ದಿನ ನೆಂಟರೊಬ್ಬರು ಪೇಪರ್ ತಂದು ಕೈಗಿಟ್ಟರು. ನಿಮ್ಮ ನಿಧನ ವಾರ್ತೆ. ಬರೆದದ್ದು ಅದೇ ವರದಿಗಾರ. ನಿಮ್ಮ ಬಗ್ಗೆ ಅವನಿಗೇನು ಗೊತ್ತು, ನನ್ನ ಹಳೆಯ ಪ್ರಕಟಣೆಯನ್ನೇ ಎತ್ತಿ ಹಾಕಿದ್ದ. ಪರಂಪರೆ, ಮನೆಮನೆ, ಧ್ಯೇಯ, ಕೊನೆಗೆ ಅಂಗಡಿಯ ಹೆಸರು ಕೂಡ. ಊಟಕ್ಕೆ ಬಂದವರು "ಎಂಥಾ ಮಾತಾಡೋರು ಕಣವ್ವ ನಿಮ್ಮತ್ತೆ" ಎಂದು ಕಣ್ಣೊರೆಸಿಕೊಂಡರು. ಬದುಕಿದ್ದಾಗ ಸುದ್ದಿಯಾಗದ ನೀವು...

ಆರ್ಡರ್ ಬಂದವು, ಅತ್ತೆ. ಫೋನು ಒಂದೇ ಸಮ ಹೊಡೆದುಕೊಂಡಿತು. ಎಲ್ಲರಿಗೂ ಆ ಧ್ಯೇಯದ ಅಜ್ಜಿಯ ಕೈಯ ಕೊಬ್ಬರಿಯೇ ಬೇಕು. ಆ ಕೈಯನ್ನು ನಾನೆಲ್ಲಿಂದ ತರಲಿ? ನಿಮ್ಮ ಚಾಕು ಹಿಡಿದರೆ ನನ್ನ ಗಿಳಿ ಕೋಳಿಯಾಗುತ್ತದೆ. ಆಗುವುದಿಲ್ಲ ಎಂದರೆ ಅಂಗಡಿ ಮುಚ್ಚಬೇಕು, ಆಗುತ್ತದೆ ಎಂದರೆ ಇನ್ನೊಂದು ಸುಳ್ಳು. ನಿಮ್ಮ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಈ ಹೊತ್ತಿನಲ್ಲಿ ಬಿಟ್ಟು ಹೋಗುವುದೇ?

ಮೊನ್ನೆ ಮಾದಿಹಳ್ಳಿಯಿಂದ ಒಬ್ಬ ಮದುಮಗಳ ತಾಯಿ ಕೊಬ್ಬರಿ ಬೇಕೆಂದು ಫೋನ್ ಮಾಡಿದರು. ಆ ಧ್ಯೇಯದ ಮಾತನ್ನು ಡಬ್ಬದ ಮೇಲೂ ಬರೆಸಿ ಕೊಡಬೇಕಂತೆ. ನನಗಿನ್ನು ತಡೆಯಲಾಗಲಿಲ್ಲ.

"ನಮ್ಮತ್ತೆ ಅದನ್ನ ಹೇಳೇ ಇಲ್ಲ ಕಣ್ರೀ. ನಾನು ಬರೆದದ್ದು. ಈಗ ಕೆತ್ತೋಳೂ ನಾನೇ, ಅವರಂಗೆ ಬರಲ್ಲ."

ಫೋನ್ ಇಟ್ಟೇಬಿಡುತ್ತಾರೆ ಎಂದುಕೊಂಡೆ. ಆಯಮ್ಮ ಅಂದರು:

"ನಿಂದ್ ಹೆಂಗೈತೋ ಕಳ್ಸವ್ವ, ನೋಡಾನ. ಚೆನ್ನಾಗಿಲ್ದಿದ್ರೆ ಬೈತೀನಿ ಮತ್ತೆ."

ಇವತ್ತು ಬೆಳಗಿನ ಬಸ್ಸಿಗೆ ನಾನೇ ಕೆತ್ತಿದ ಕೊಬ್ಬರಿಯ ಡಬ್ಬ ಹಾಕಿ ಬಂದೆ. ಮೇಲೆ ಏನನ್ನೂ ಬರೆಸಿಲ್ಲ. ಮದುವೆ ನಾಳೆ. ಆಯಮ್ಮ ಬೇಡವೆಂದರೆ ಆರ್ಡರ್ ಕೊಟ್ಟ ಉಳಿದವರ ಮುಂದೆ ನನ್ನ ಕೆತ್ತನೆ ಇಡುವ ಧೈರ್ಯ ನನಗಿಲ್ಲ, ಅಂಗಡಿಯ ಕಥೆ ಅಲ್ಲಿಗೆ ಮುಗಿಯಿತು. ಆದರೆ ನಿಮಗೊಂದು ಮಾತು ಕೊಡುತ್ತೇನೆ. ನಾಳೆ ಆಯಮ್ಮ ಏನು ಹೇಳುತ್ತಾರೋ ಅದನ್ನೇ ಪ್ರಕಟಣೆಯಲ್ಲಿ ಹಾಕಿ ಪೇಪರಿಗೆ ಕಳಿಸುತ್ತೇನೆ. ಬೈದರೆ ಬೈಗುಳವನ್ನೇ ಕಳಿಸುತ್ತೇನೆ.

ನಿಮ್ಮ ಸೊಸೆ,
ಗೌರಿ