ಕೆಸುವಿನ ಟಬ್ಬುಗಳು

೧೨ ಸೆಪ್ಟೆಂಬರ್, ಶುಕ್ರವಾರ

ಮೇಲಿನ ಮನೆಯ ಝಿನುಕ್ ಆಸ್ಪತ್ರೆ ಸೇರಿ ಇವತ್ತಿಗೆ ಮೂರು ದಿನ. ಡೆಂಗಿಯಂತೆ. ಏಳು ವರ್ಷದ ಮಗು.

ಅಂಗಳದ ಹುಲ್ಲುಹಾಸನ್ನು ಕೀಳಿಸಿದ್ದು ನಾನು. ಯಾರೂ ತಿನ್ನದ ಹುಲ್ಲಿಗೆ ದಿನಾ ನೀರು ಯಾಕೆ ಎಂದು ಇಡೀ ಕಟ್ಟಡದವರನ್ನು ಒಪ್ಪಿಸಿದ್ದೂ ನಾನೇ. ಪಪ್ಪಾಯಿ ನೆಟ್ಟೆ, ಪತ್ರೊಡೆಗೆಂದು ಕೆಸು ನೆಟ್ಟೆ. ಉಡುಪಿಯಲ್ಲಿ ಬಚ್ಚಲ ನೀರು ಹರಿಯುವಲ್ಲಿ ಕೆಸು ತಾನಾಗಿಯೇ ಸೊಂಪಾಗಿ ಬರುತ್ತದೆ. ಕೋಲ್ಕತ್ತದ ಈ ಅಂಗಳದಲ್ಲಿ ಹರಿಯುವ ನೀರೆಲ್ಲಿದೆ? ಹಳೆಯ ಟಬ್ಬುಗಳಿಗೆ ಮಣ್ಣು ತುಂಬಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿದ್ದೆ.

ಬೆಳಿಗ್ಗೆ ಬಗ್ಗಿ ನೋಡಿದರೆ ಆ ನೀರಿನ ತುಂಬ ಸೊಳ್ಳೆಯ ಮರಿಗಳು. ಕಾರ್ಪೊರೇಷನ್ನಿನವರು ನೋಡಲು ಬರುವ ಮೊದಲೇ ಎಲ್ಲ ಟಬ್ಬುಗಳನ್ನೂ ಮಗುಚಿ ಹಾಕಿದೆ.

ಮನೆಯಲ್ಲಿ ಇವರಿಗೆ ಮಾತ್ರ ಹೇಳಿದೆ. "ನೀನು ಬಾಯಿ ಬಿಡ್ಬೇಡ ಮಾರಾಯ್ತಿ. ಹೇಳಿದ್ರೆ ಮಗುವಿಗೆ ಗುಣ ಆಗ್ತದಾ?" ಎಂದರು.

ಸಂಜೆ ಝಿನುಕ್‌ಳ ಅಜ್ಜಿ ಕೆಳಗಿಳಿದು ಬಂದರು. ಪಪ್ಪಾಯಿ ಎಲೆಯ ರಸ ಕುಡಿಸಿದರೆ ಪ್ಲೇಟ್‌ಲೆಟ್ ಏರುತ್ತದೆ ಎಂದು ಯಾರೋ ಹೇಳಿದ್ದಾರೆ. ನಾಲ್ಕು ಎಲೆ ಕೊಯ್ದು ಕೊಟ್ಟೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ತಮ್ಮ ಹರಕುಮುರುಕು ಹಿಂದಿಯಲ್ಲಿ, "ಇಲ್ಲಿ ಇನ್ನೂ ಹುಲ್ಲೇ ಇದ್ದಿದ್ದರೆ ಇವತ್ತು ನಾನು ಎಲ್ಲಿಗೆ ಹೋಗಬೇಕಿತ್ತು, ಬೌಮಾ?" ಎಂದು ಸ್ವಂತ ಸೊಸೆಯನ್ನು ಕರೆಯುವಂತೆ ಕರೆದು ಅತ್ತರು.

ನಾನೂ ಅತ್ತೆ. ಅದನ್ನು ಅವರು ಪ್ರೀತಿ ಎಂದುಕೊಂಡರು.

ಸೋಪು ಹಾಕಿ ತೊಳೆದರೂ ಬೆರಳಿಗೆ ಪಪ್ಪಾಯಿಯ ಹಾಲು ಅಂಟಿಕೊಂಡೇ ಇದೆ. ನಾಳೆ ಬೆಳಿಗ್ಗೆ ಮತ್ತೆ ಎಲೆಗೆ ಬರುತ್ತಾರೆ. ಆಗಲಾದರೂ ಆ ಟಬ್ಬುಗಳ ವಿಷಯ...